ಎಂಬತ್ತು ಮುಟ್ಟಿದ ಮುಳ್ಳು

ರೈಸ್‌ಮಿಲ್ ರುದ್ರಪ್ಪನವರ ಹಳೇ ಕಾರು ಅರವತ್ತು ದಾಟಿದರೆ ಗಡಗಡ ನಡುಗುತ್ತಿತ್ತು. "ನಾಳೆ ಮುಳ್ಳು ಎಂಬತ್ತು ಮುಟ್ಟಬೇಕು. ಇಲ್ಲಾಂದ್ರೆ ಬೇರೆ ಕೆಲಸ ನೋಡ್ಕೊ" ಎಂದರು ಡ್ರೈವರ್ ಫಕೀರಸಾಬನಿಗೆ.

ಫಕೀರಸಾಬ ಹಿಂಬದಿ ಆಕ್ಸಲ್‌ಗೆ ಘಾಟಿ ಹತ್ತುವ ಗಾಡಿಯ ಗೇರು ಹಾಕಿಸಿದ. ಮುಳ್ಳಿನ ತಂತಿ ಇರುವುದು ಗೇರ್‌ಬಾಕ್ಸಿಗೆ; ಚಕ್ರ ನಿಧಾನವಾದದ್ದು ಅದಕ್ಕೆ ತಿಳಿಯದು. ಈಗ ಕಾರು ಓಡುವುದು ಐವತ್ತೈದು, ಮುಳ್ಳು ತೋರಿಸುವುದು ಎಂಬತ್ತು.

"ಸ್ಪೀಡೋಮೀಟರ್ ಸರಿಮಾಡಲೇನಣ್ಣ?" ಎಂದ ಮೆಕ್ಯಾನಿಕ್.

"ಅದರ ತಂಟೆಗೆ ಹೋಗಬೇಡ."

ಮರುದಿನ ಮುಳ್ಳು ಎಂಬತ್ತು ಮುಟ್ಟಿತು. ಭತ್ತದ ಗದ್ದೆಗಳು ನಿದ್ದೆಯಲ್ಲಿ ತೇಲಿದಂತೆ ಹಿಂದೆ ಸರಿದವು. ಕೊಕ್ಕರೆಯೊಂದು ಜೊತೆಜೊತೆಗೇ ಹಾರಿಬಂತು.

"ಎಂಬತ್ತರಲ್ಲಿ ಲೋಕ ಎಷ್ಟು ಮೆತ್ತಗಿರುತ್ತಲ್ಲೋ!" ರುದ್ರಪ್ಪನವರು ಕಣ್ಣು ಅರೆಮುಚ್ಚಿದರು.

ಅಷ್ಟರಲ್ಲಿ ಹಾಲಿನವನ ಲಟಾರಿ ಬೈಕು ಕಾರನ್ನು ಹಿಂದೆ ಹಾಕಿತು. ಅವರು ಬೆಚ್ಚಿ ಎದ್ದು ಕೂತರು. "ಅವನೆಷ್ಟರಲ್ಲಿ ಹೋಗ್ತಿದಾನೋ?"

"ನೂರರ ಮೇಲೇ ಯಜಮಾನ್ರೇ. ಪಾಪ, ಮನೆ ಮುಟ್ಟೋಷ್ಟರಲ್ಲಿ ಹಾಲೆಲ್ಲ ಬೆಣ್ಣೆಯಾಗಿರುತ್ತೆ."