ಮೇ ತಿಂಗಳಲ್ಲಿ ಹೀಟರು

ಗುರುಪುರ ಹೊಳೆಯ ದಂಡೆಯಲ್ಲಿ ಖಲಂದರ್ ಉಸ್ತಾದರ ಗ್ಯಾರೇಜು. ಬೋರ್ಡಿಲ್ಲ. ಹಳೆ ಕಾರಿದ್ದವರಿಗೆ ದಾರಿ ಗೊತ್ತು, ಅಷ್ಟು ಸಾಕು.

ಅಲ್ಲಿ ಆರು ವರ್ಷದಿಂದ ಕಲಿಯುತ್ತಿದ್ದ ಶಿಷ್ಯ ಲ್ಯಾನ್ಸಿ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು.

ಒಂದು ದಿನ ಜಲಜಕ್ಕನ ಕಾರು ಬಂತು. ಜಪಾನಿನದ್ದು, ಎರಡೇ ಸೀಟು, ಮೂವತ್ತೈದು ವರ್ಷ ಹಳೆಯದು. ಇಂಜಿನ್ ಸೀಟಿನ ಬೆನ್ನಿಗೆ, ರೇಡಿಯೇಟರ್ ಮೂತಿಯಲ್ಲಿ. ನಡುವಿನ ಉದ್ದುದ್ದ ಪೈಪುಗಳಲ್ಲಿ ನೀರು ಓಡಾಡಬೇಕು.

"ಪೈಪು, ಪಂಪು ಬದಲಿಸಿ ಹೊಸ ನೀರು ತುಂಬಿಸು" ಎಂದರು ಉಸ್ತಾದ್. "ನಾನು ಕೈ ಹಾಕುವುದಿಲ್ಲ. ಇದು ಸುಖವಾಗಿ ಘಟ್ಟ ಹತ್ತಿದರೆ, ಇನ್ನು ನಿನ್ನ ಕೆಲಸವನ್ನು ನಾನು ಪರೀಕ್ಷೆ ಮಾಡುವುದಿಲ್ಲ. ಇಂಜಿನ್ ಸುಟ್ಟರೆ ಇಂಥದ್ದು ಇನ್ನೊಂದು ಸಿಗಲಿಕ್ಕಿಲ್ಲ. ತಿಳಿಯಿತಾ?"

ಮೂರನೇ ದಿನ ಬೆಳಿಗ್ಗೆ ಜಲಜಕ್ಕ ಬ್ಯಾಗು ಹಿಡಿದು ಬಂದೇಬಿಟ್ಟರು. ಮಧ್ಯಾಹ್ನದೊಳಗೆ ಸಕಲೇಶಪುರದಲ್ಲಿ ತಂಗಿಯ ಮನೆ ಮುಟ್ಟಬೇಕಂತೆ.

ಲ್ಯಾನ್ಸಿ ಟೇಬಲ್ ಫ್ಯಾನನ್ನು ತನ್ನ ಕಡೆ ತಿರುಗಿಸಿಕೊಂಡು ಕಾರಿನಲ್ಲಿ ಕೂತಿದ್ದ. ಇಂಜಿನ್ ಅರ್ಧ ಗಂಟೆಯಿಂದ ಓಡುತ್ತಿತ್ತು. ಬಿಸಿ ತೋರಿಸುವ ಮುಳ್ಳು ನಡುವಿನಿಂದ ಕದಲಿರಲಿಲ್ಲ. ಇಸ್ತ್ರಿ ಮುರಿಯದ ಅಂಗಿಯಲ್ಲಿ ಮದುಮಗನ ಹಾಗೆ ಇಳಿದು ಬಂದ.

"ಎಲ್ಲ ಸಮ ಉಂಟಕ್ಕ. ಹೊರಡಿ."

ಉಸ್ತಾದ್ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. "ಜಲಜಮ್ಮ, ಒಂದು ನಿಮಿಷ. ಲ್ಯಾನ್ಸಿ, ಕಾರು ಹತ್ತು. ಹೀಟರ್ ಹಾಕು."

"ಹೀಟರಾ! ಈ ಸೆಕೆಯಲ್ಲಾ? ನಮ್ಮ ಕುಡ್ಲ ಊರಿನಲ್ಲಿ ಹೀಟರ್ ಹಾಕಿದವರುಂಟಾ ಉಸ್ತಾದ್?"

"ಹಾಕು."

ಜಲಜಕ್ಕನ ಮುಂದೆ ಇದೆಂತ ತಮಾಷೆ ಅಂತ ಅವನಿಗೆ ಸಿಟ್ಟೇ ಬಂತು. ಆದರೂ ಹೀಟರ್ ಹಾಕಿ, ಗಾಳಿ ಬರುವಲ್ಲಿ ಕೈ ಇಟ್ಟ.

ಗಾಳಿ ತಣ್ಣಗಿತ್ತು.

"ಹಾಯಾಗಿದೆ" ಎಂದು ನಕ್ಕ. ನಗು ಅರ್ಧಕ್ಕೇ ನಿಂತಿತು. ಬೆನ್ನ ಹಿಂದೆ ಇಂಜಿನ್ ಕಾದು ಕೂತಿದೆ, ಹೀಟರಿಗೂ ಅದರ ಬಿಸಿನೀರೇ ಬರುವುದು, ಗಾಳಿ ಸುಡಬೇಕು. ಹಾಗಾದರೆ ನೀರೆಲ್ಲಿ? ನೀರು ತುಂಬಿಸುವಾಗ ಹೀಟರನ್ನೂ ತೆರೆದಿಡಬೇಕಿತ್ತು, ಅವನು ತೆರೆದಿರಲೇ ಇಲ್ಲ. ಪೈಪಿನೊಳಗೆ ಗಾಳಿ ಸಿಕ್ಕಿಕೊಂಡಿದೆ. ಮುಳ್ಳಿಗೂ ನೀರು ಮುಟ್ಟಿಲ್ಲ, ಅದು ಸುಳ್ಳು ಹೇಳುತ್ತಾ ಇದೆ.

"ಅಯ್ಯೋ ದೇವರೇ!"

ಇಂಜಿನ್ ಆರಿಸಿ ಹಾರಿ ಇಳಿದ. ನೀರು ತುಂಬಿಸುವ ಮುಚ್ಚಳಕ್ಕೆ ಕೈ ಹಾಕಿದವನ ಮಣಿಕಟ್ಟನ್ನು ಉಸ್ತಾದ್ ಹಿಡಿದರು.

"ಮುಖ ಬೇಯಿಸಿಕೊಳ್ಳುತ್ತೀಯಾ? ಆರಲಿ."

"ಎಂತಾಯ್ತು ಲ್ಯಾನ್ಸಿ?" ಜಲಜಕ್ಕ ಹತ್ತಿರ ಬಂದರು.

ಅವನು ಉಸ್ತಾದರ ಮುಖ ನೋಡಿದ. ಅವರು ಹೊಳೆ ನೋಡುತ್ತಿದ್ದರು.

"ತಪ್ಪು ನನ್ನದಕ್ಕ. ನೀರು ಸರಿಯಾಗಿ ತುಂಬಿಲ್ಲ. ಇಂಜಿನ್ ಸುಟ್ಟಿದೆಯೋ ಇಲ್ಲವೋ, ಆರಿದ ಮೇಲೆಯೇ ಗೊತ್ತಾಗುವುದು."

ಜಲಜಕ್ಕ ಬ್ಯಾಗು ಕೆಳಗಿಟ್ಟರು. ತಡವಾಗುತ್ತದೆಂದು ತಂಗಿಗೆ ಫೋನು ಮಾಡಿದರು. ಬೈದಿದ್ದರೇ ವಾಸಿಯಿತ್ತು ಅನ್ನಿಸಿತು ಅವನಿಗೆ.

ಒಂದೂವರೆ ಗಂಟೆ ಕಾದ. ಆಮೇಲೆ ಹೀಟರ್ ತೆರೆದಿಟ್ಟು ನೀರು ತುಂಬಿಸಿದ, ಮೂತಿಯ ಸ್ಕ್ರೂ ಸಡಿಲಿಸಿದ. ಬುಸ್ ಅಂತ ಗಾಳಿ ಹೊರಟಿತು. ಗುಳ್ಳೆ ಬಂದವು, ಮತ್ತೆ ಗುಳ್ಳೆ. ಕೊನೆಗೆ ಬರೀ ನೀರು.

ಇಂಜಿನ್ ಆಯಿಲ್ ನೋಡಿದ. ಅದರಲ್ಲಿ ನೀರು ಬೆರೆತಿರಲಿಲ್ಲ. ಕೀ ತಿರುಗಿಸಿದ. ಬಿಳಿ ಹೊಗೆ ಬರಲಿಲ್ಲ, ಇಂಜಿನ್ ಸುಟ್ಟಿರಲಿಲ್ಲ. ಗಾಜು ಏರಿಸಿ, ಹೀಟರ್ ಪೂರ್ತಿ ಹಾಕಿ ಕೂತ. ಹತ್ತು ನಿಮಿಷಕ್ಕೆ ಒಲೆಯ ಬಾಯಿ ತೆರೆದ ಹಾಗೆ ಗಾಳಿ ನುಗ್ಗಿತು. ಇಳಿದಾಗ ಅಂಗಿ ಮೈಗೆ ಅಂಟಿತ್ತು, ಕಣ್ಣಲ್ಲೂ ನೀರಿತ್ತು.

ಸಂಜೆ ಜಲಜಕ್ಕನ ಫೋನು ಬಂತು. ಘಟ್ಟ ಹತ್ತಿ ಆಯಿತು, ಕಾರು ಚೆನ್ನಾಗಿ ಓಡಿತು.

ಲ್ಯಾನ್ಸಿ ಉಸ್ತಾದರ ಪಕ್ಕ ಬಂದು ಕೂತ. "ನೀವು ಕಾರು ಮುಟ್ಟಲೇ ಇಲ್ಲ. ನಿಮಗೆ ಹೇಗೆ ಗೊತ್ತಾಯ್ತು ಉಸ್ತಾದ್?"

ಉಸ್ತಾದ್ ಚಾ ಲೋಟ ಕೆಳಗಿಟ್ಟರು.

"ಬೆಳಿಗ್ಗೆ ಕಾರಿಂದ ಇಳಿದಾಗ ನೀನು ಬೆವರಿರಲಿಲ್ಲ ಮಾರಾಯ."