ಇಪ್ಪತ್ತಮೂರು ಪೋರ್ಟುಗಳ ನಕಲು

ಒಂದು ಆಸ್ಪತ್ರೆಯಲ್ಲಿ ನೀಲಾಂಬಿಕೆ ಎಂಬಾಕೆ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದಳು. ಅಲ್ಲಿನ ಆಡಳಿತಾಧಿಕಾರಿ ಚಂದ್ರಮೌಳಿಗೆ ಎಲ್ಲರ ಮೇಲೂ ಗುಮಾನಿ. ಕಂಪ್ಯೂಟರುಗಳ ತಂತಿಗಳೆಲ್ಲ ಸ್ವಿಚ್ಚು ಎಂಬ ಒಂದೇ ಪೆಟ್ಟಿಗೆಗೆ ಸೇರಿದ್ದವು; ಅದಕ್ಕೆ ಇಪ್ಪತ್ತನಾಲ್ಕು ಪೋರ್ಟುಗಳು, ಅಂದರೆ ತಂತಿ ಸಿಕ್ಕಿಸುವ ಕಿಂಡಿಗಳು. ಅದರ ಒಂದು ಪೋರ್ಟಿನಲ್ಲಿ ಹಾದುಹೋಗುವುದನ್ನೆಲ್ಲ ನಕಲು ಮಾಡಿ ಇನ್ನೊಂದಕ್ಕೆ ಕಳಿಸಬಹುದು, ಅಲ್ಲಿ ಕೂತು ನೋಡಬಹುದು ಎಂದು ಆತ ಎಲ್ಲೋ ಓದಿದ.

"ಇಪ್ಪತ್ತಮೂರರ ನಕಲನ್ನೂ ಇಪ್ಪತ್ತನಾಲ್ಕನೆಯದಕ್ಕೆ ಹಾಕಮ್ಮ," ಎಂದ ನೀಲಾಂಬಿಕೆಗೆ.

"ಅಷ್ಟೂ ಒಂದರಲ್ಲಿ ಹಿಡಿಸಲ್ಲ ಸರ್. ಮಿಕ್ಕಿದ ನಕಲು ಬಿದ್ದುಹೋಗುತ್ತೆ. ಒಂದೆರಡು ಸಾಕು."

"ಯಾವ ಎರಡು? ಕಳ್ಳ ಯಾರು ಅಂತ ಮೊದಲೇ ಗೊತ್ತಿದ್ದರೆ ನೀನ್ಯಾಕೆ ಬೇಕಿತ್ತು?"

ಎರಡನೇ ಸಲ ಹೇಳುವ ಧೈರ್ಯ ಅವಳಿಗಿರಲಿಲ್ಲ. ಹಾಕಿದಳು.

ಮೂರನೇ ದಿನ ಐಸಿಯುವಿನ ರೋಗಿಯೊಬ್ಬನ ರಕ್ತಪರೀಕ್ಷೆಯ ವರದಿ ವೈದ್ಯರಿಗೆ ಸಿಗಲಿಲ್ಲ. ಎರಡು ಗಂಟೆ ಕಾದು, ಫೋನು ಮಾಡಿ ಕೇಳಿ ತಿಳಿದುಕೊಂಡರು. ರೋಗಿ ಹೇಗೋ ಉಳಿದ. ಲ್ಯಾಬಿನ ಯಂಕೋಬ, "ಹತ್ತಕ್ಕೇ ಕಳಿಸಿದ್ದೆ" ಎಂದ. ಇಪ್ಪತ್ತನಾಲ್ಕನೇ ಪೋರ್ಟಿನಲ್ಲಿ ಸೇರುತ್ತಿದ್ದ ನಕಲಿನ ದಾಖಲೆಯಲ್ಲಿ ಅದರ ಸುಳಿವಿರಲಿಲ್ಲ.

"ಯಂತ್ರಕ್ಕೆ ಸುಳ್ಳು ಹೇಳಿ ಏನಾಗಬೇಕು?" ಎಂದ ಚಂದ್ರಮೌಳಿ, ಯಂಕೋಬನ ವಜಾ ಪತ್ರ ಟೈಪು ಮಾಡಿಸಿದ. ಸಂಜೆ ಐದಕ್ಕೆ ಸಹಿ.

ನೀಲಾಂಬಿಕೆ ಮಧ್ಯಾಹ್ನದ ಊಟ ಬಿಟ್ಟು ಕಂಪ್ಯೂಟರಿನ ಮುಂದೆ ಕೂತಳು. ಸ್ವಿಚ್ಚಿನ ಲೆಕ್ಕ ತೆರೆದರೆ, ಬಿದ್ದುಹೋದ ನಕಲುಗಳ ಸಂಖ್ಯೆ ಕಣ್ಣೆದುರೇ ಏರುತ್ತಿತ್ತು. ಹೇಳಿದರೆ ಮೊದಲು ಬರುವ ಪ್ರಶ್ನೆ, ಗೊತ್ತಿದ್ದೂ ಯಾಕೆ ಹಾಕಿದೆ? ಟೈಪಿಸ್ಟ್ ಇನ್ನೂ ಮನೆಗೆ ಹೋಗಿರಲಿಲ್ಲ. ಅವಳ ಹೆಸರಿಗೆ ಇನ್ನೊಂದು ವಜಾ ಪತ್ರಕ್ಕೆ ಹೆಚ್ಚು ಹೊತ್ತು ಬೇಡ.

ಐದಕ್ಕೆ ಇಪ್ಪತ್ತು ನಿಮಿಷವಿದ್ದಾಗ ಚಂದ್ರಮೌಳಿಯ ಕೋಣೆಗೆ ಹೋದಳು.

"ಸರ್, ನೀವೇ ನಿಮ್ಮ ಕಂಪ್ಯೂಟರಿನಿಂದ ಐಸಿಯುಗೆ ಹತ್ತು ಪತ್ರ ಕಳಿಸಿ."

ಅವನು ನಗುತ್ತಲೇ ಕಳಿಸಿದ. ಐಸಿಯುಗೆ ಹತ್ತೂ ತಲುಪಿದವು. ದಾಖಲೆಯಲ್ಲಿದ್ದದ್ದು ಆರು.

"ಉಳಿದ ನಾಲ್ಕು ನೀವು ಕಳಿಸಲೇ ಇಲ್ಲವಾ ಸರ್?" ಅವಳು ಕೇಳಿದಳು.

ಆಮೇಲೆ ಐಸಿಯುವಿನ ಕಂಪ್ಯೂಟರಿನಲ್ಲಿ ಹುಡುಕಿದರು. ಯಂಕೋಬನ ವರದಿ ಹತ್ತು ಗಂಟೆಯಿಂದ ಅಲ್ಲೇ ಇತ್ತು. ಯಾರೂ ತೆರೆದಿರಲಿಲ್ಲ. ಕಳಿಸಿಲ್ಲ ಎನ್ನಲು ದಾಖಲೆ ಇದೆಯಲ್ಲ ಎಂದು ಯಾರೂ ಅಲ್ಲಿ ನೋಡಿಯೂ ಇರಲಿಲ್ಲ.

ಚಂದ್ರಮೌಳಿ ವಜಾ ಪತ್ರ ಹರಿದ. ಯಂಕೋಬನ ಕ್ಷಮೆ ಕೇಳಲಿಲ್ಲ. ಆ ಸೌಲಭ್ಯ ಆ ಆಸ್ಪತ್ರೆಯಲ್ಲಿರಲಿಲ್ಲ.

"ಇದನ್ನ ಮೊದಲೇ ಹೇಳಬಾರದಿತ್ತೇನಮ್ಮ?"

"ಹೇಳಿದ್ದೆ ಸರ್. ಒಂದೇ ಸಲ."

ನೀತಿ: ಎಲ್ಲವನ್ನೂ ನೋಡಹೊರಟವನಿಗೆ ಕಾಣುವುದು ಸ್ವಲ್ಪವೇ. ತನಗೆ ಕಾಣದ್ದು ನಡೆದೇ ಇಲ್ಲ ಎಂದು ಅವನು ಸಾಧಿಸಬಾರದು. ಇದು ಗೊತ್ತಿರುವವರು ಎರಡನೇ ಸಲವೂ ಹೇಳಬೇಕು.