ಏಳು ಜಡೆ ಬೀಜದ ಜೋಳ

ಏಳು ಕಡಲು ದಾಟಿದರೆ, ನಮಗೆ ಮುಳುಗಿದ ಸೂರ್ಯ ಅವರಿಗೆ ಹುಟ್ಟುವ ಒಂದು ದಡದಲ್ಲಿ, ಏಳೇ ಏಳು ಗುಡಿಸಲಿನ ಊರೊಂದಿತ್ತಂತೆ. ಅಮೆರಿಕ ಅಂತೀವಲ್ಲ, ಅದೇ ದೇಶ. ಆಗ ಅಲ್ಲಿ ಮುಗಿಲು ಮುಟ್ಟುವ ಕಟ್ಟಡ ಎಲ್ಲಿ ಬರಬೇಕು? ಈ ಕಡೆ ಕಡಲು, ಆ ಕಡೆ ಕಾಡು, ನಡುವೆ ಬರೀ ಮರಳು.

ಆ ಏಳು ಗುಡಿಸಲಿನವರು ಹಡಗು ಹತ್ತಿ ಬಂದವರು. ಅವರ ದೇಶದ ರಾಜ, ದೇವರಿಗೆ ಹೀಗೇ ಕೈ ಮುಗಿಯಿರಿ, ಹಾಗೆ ಮುಗಿಯಬೇಡಿ ಅಂತ ಕಟ್ಟಳೆ ಮಾಡಿದನಂತೆ. ಇವರು, ನಮ್ಮ ದೇವರು, ನಮ್ಮ ಕೈ, ನಡುವೆ ನಿನ್ನದೇನಪ್ಪಾ ಅಂತ ಗಂಟುಮೂಟೆ ಕಟ್ಟಿ ಹೊರಟುಬಿಟ್ಟರು. ಅವರ ಯಜಮಾನ ಓಬಡಾಯ. ಟೋಪಿ ಹೊಲಿಯುವ ಕಸುಬಿನವನು. ತಾನೇ ಹೊಲಿದ ದೊಡ್ಡ ಕರಿ ಟೋಪಿ ಅವನ ತಲೆಯ ಮೇಲೆ. ರಾಜನ ಸವಾರಿ ಹೋಗುವಾಗಲೂ ಅದನ್ನು ತೆಗೆಯದೆ ನಿಂತು ಜೈಲು ಕಂಡು ಬಂದಿದ್ದನಂತೆ. ಅಂಥ ತಲೆ ಅದು, ಅಂಥ ಟೋಪಿ.

ಉಳಿದವರಲ್ಲಿ ಒಬ್ಬ ನೇಕಾರ, ಒಬ್ಬ ಚಪ್ಪಲಿ ಹೊಲಿಯುವವ, ಒಬ್ಬ ಪೀಪಾಯಿ ಮಾಡುವವ, ಒಬ್ಬ ಮೇಷ್ಟ್ರು. ಪೇಟೆಯಲ್ಲೇ ಹುಟ್ಟಿ ಪೇಟೆಯಲ್ಲೇ ಬೆಳೆದ ಜನ. ಮಣ್ಣು ಕಂಡರೆ ಕಾಲು ಒರೆಸಿಕೊಳ್ಳುವವರು! ಬೇಸಾಯದ ಮನೆಯಲ್ಲಿ ಹುಟ್ಟಿದವಳು ಅಂದರೆ ತಬಿತಾ ಒಬ್ಬಳೇ. ಪಾಪ, ಅವಳ ಗಂಡ ಹಡಗಿನಲ್ಲೇ ಜ್ವರ ಬಂದು ತೀರಿಕೊಂಡಿದ್ದ. ಜೊತೆಗಿದ್ದವಳು ನಾಲ್ಕು ವರ್ಷದ ಮಗಳು ಮರ್ಸಿ ಮಾತ್ರ.

ಅವರು ಬಂದು ಇಳಿದದ್ದು ಎಂಥ ಕಾಲದಲ್ಲಿ ಅಂತೀರಿ? ಹಿಮ ಬೀಳುವ ಕಾಲದಲ್ಲಿ. ಹೊಟ್ಟೆಗೂ ಇಲ್ಲ, ಹೊದೆಯಲೂ ಇಲ್ಲ. ಒಂದು ದಿನ ಗಂಡಸರೆಲ್ಲ ತಿನ್ನುವುದು ಏನಾದರೂ ಸಿಕ್ಕೀತೇ ಅಂತ ದಡದುದ್ದಕ್ಕೂ ಹೊರಟರು. ಒಂದು ಕಡೆ ಮರಳಿನ ದಿಬ್ಬ ಕಂಡಿತು. ಯಾರೋ ಕೈಯಿಂದ ತಟ್ಟಿ ನುಣ್ಣಗೆ ಮಾಡಿದ ದಿಬ್ಬ. ಅಗೆದರು. ಒಳಗೆ ಚಾಪೆ, ಚಾಪೆಯ ಕೆಳಗೆ ಬುಟ್ಟಿ, ಬುಟ್ಟಿಯೊಳಗೆ ಅವರು ಹಿಂದೆಂದೂ ಕಾಣದ ತೆನೆಗಳು. ಹಳದಿ, ಕೆಂಪು, ನೀಲಿ. ಮುಸುಕನ್ನು ಹಿಂದಕ್ಕೆ ಸುಲಿದು, ಹೆಣ್ಣುಮಕ್ಕಳ ಜಡೆಯ ಹಾಗೆ ಹೆಣೆದಿದ್ದರು. ಅಂಥ ಜಡೆ ಏಳು.

"ಏಳು ಮನೆ, ಏಳು ಜಡೆ!" ಅಂತ ಓಬಡಾಯ ಮುಗಿಲಿಗೆ ಕೈ ಎತ್ತಿದನಂತೆ. "ದೇವರೇ ನಮಗೋಸ್ಕರ ಇಲ್ಲಿ ಬಚ್ಚಿಟ್ಟಿದ್ದಾನೆ."

ದೇವರಿಗೆ ಬೇರೆ ಕೆಲಸವಿಲ್ಲವೇ, ಚಾಪೆ ಹೆಣೆದು ಮರಳು ತಟ್ಟುತ್ತಾ ಕೂರಲು? ಆದರೆ ಹಸಿದವನಿಗೆ ಅದೆಲ್ಲ ತೋಚುವುದಿಲ್ಲ. ಮನೆಗೊಂದು ಜಡೆ ಹಂಚಿದರು. ಆರು ಮನೆಯಲ್ಲಿ ಬಿಡಿಸಿದರು, ಬೇಯಿಸಿದರು, ತಿಂದರು. ಏಳನೆಯದು ತಬಿತಾಳ ಮನೆಗೆ ಬಂತು. ಅವಳು ಅದನ್ನು ಕೈಯಲ್ಲಿ ಹಿಡಿದವಳೇ ಗಕ್ಕನೆ ನಿಂತಳಂತೆ.

ಯಾಕೆ? ತೆನೆಗಳೆಲ್ಲ ಒಂದೇ ಅಳತೆ, ತುದಿಯವರೆಗೂ ತುಂಬಿದ ಕಾಳು, ಒಂದಕ್ಕೂ ಹುಳು ಮುಟ್ಟಿಲ್ಲ. ರಾಶಿಯಲ್ಲಿ ಒಂದೊಂದನ್ನೇ ತಿರುಗಿಸಿ ನೋಡಿ ಆರಿಸಿದ್ದು. ಅವಳ ತಾಯಿಯೂ ಗೋಧಿಯ ತೆನೆಯನ್ನು ಹಾಗೇ ಆರಿಸಿ ತೊಲೆಗೆ ಕಟ್ಟುತ್ತಿದ್ದಳು.

ತಬಿತಾ ಓಬಡಾಯನ ಹತ್ತಿರ ಓಡಿದಳು. "ಯಜಮಾನರೇ, ಇದು ತಿನ್ನೋ ಕಾಳಲ್ಲ, ಬಿತ್ತೋ ಬೀಜ. ಯಾವುದೋ ತಾಯಿ ಇಟ್ಕೊಂಡಿರೋದು."

"ಕಾಳು ಕಾಳೇ ಕಣಮ್ಮಾ," ಅಂದ ಓಬಡಾಯ, ಬಾಯಿ ತುಂಬ ಅಗಿಯುತ್ತಾ. "ಹೋಗು, ಮಗೂಗೆ ಬೇಯಿಸಿ ಹಾಕು."

ತಬಿತಾ ಬೇಯಿಸಲಿಲ್ಲ. ಜಡೆಯನ್ನು ತೊಲೆಗೆ ನೇತುಹಾಕಿದಳು. ಮರ್ಸಿ ಕೆಳಗೆ ನಿಂತು, "ಅಮ್ಮಾ, ಒಂದೇ ಒಂದು ಕಾಳು," ಅಂತ ಕೇಳಿದಳಂತೆ. "ಅದು ನಮ್ಮದಲ್ಲ ಕಂದಾ," ಅಂದು ತಬಿತಾ ಆ ಕೊರೆಯುವ ಚಳಿಯಲ್ಲಿ ದಡಕ್ಕೆ ಹೋಗಿ, ಮರಳು ಬಗೆದು ಚಿಪ್ಪು ಆರಿಸಿ, ಒಳಗಿನ ಚೂರು ಮಾಂಸ ಬೇಯಿಸಿ ಮಗಳಿಗೆ ಹಾಕಿದಳು. ಇವತ್ತು ಚಿಪ್ಪು, ನಾಳೆ ಚಿಪ್ಪು, ನಾಡಿದ್ದೂ ಚಿಪ್ಪು. ಬೆರಳೆಲ್ಲ ಬಿರುಕು ಬಿಟ್ಟವು. ಒಂದು ದಿನ ಗಾಳಿಗೆ ಒಂದು ತೆನೆ ಜಡೆಯಿಂದ ಕಳಚಿ ಕೆಳಗೆ ಬಿತ್ತು. ಯಾರೂ ನೋಡುತ್ತಿರಲಿಲ್ಲ, ಬಾಯಿಗೆ ಹಾಕಿಕೊಂಡಿದ್ದರೆ ಕೇಳುವವರಿರಲಿಲ್ಲ. ಅವಳು ಅದನ್ನೆತ್ತಿ, ತನ್ನ ತಾಯಿ ಗೋಧಿಯ ಕಟ್ಟಿಗೆ ಹಾಕುತ್ತಿದ್ದ ಗಂಟನ್ನೇ ಹಾಕಿ ಮತ್ತೆ ಕಟ್ಟಿದಳು.

ಆ ಚಳಿಗಾಲ ಊರಿನ ಅರ್ಧ ಜನರನ್ನು ನುಂಗಿತು. ಬಿಸಿಲು ಬಂತು. ಉಳಿದವರು ಹಡಗಿನಲ್ಲಿ ತಂದ ಗೋಧಿ ಚೆಲ್ಲಿದರು. ಮೊಳೆಯಲಿಲ್ಲ. ಬಟಾಣಿ ಚೆಲ್ಲಿದರು. ಅದೂ ಮೊಳೆಯಲಿಲ್ಲ. ಕಡಲಿನ ತೇವಕ್ಕೆ ಬೀಜವೆಲ್ಲ ಸತ್ತುಹೋಗಿತ್ತು. ಆಗ ಎಲ್ಲರಿಗೂ ತಬಿತಾಳ ತೊಲೆ ನೆನಪಾಯಿತು ನೋಡಿ!

ಓಬಡಾಯ ಬಂದು ಬಾಗಿಲಲ್ಲಿ ನಿಂತ. "ತಬಿತಾ, ನೀನು ಹೇಳಿದ್ದೇ ನಿಜ, ಅದು ಬೀಜಾನೇ. ಕೊಡು, ಬಿತ್ತೋಣ."

"ಯಾರದೋ ಅವರನ್ನ ಕೇಳಿ ಬಿತ್ತೋಣ."

"ಯಾರನ್ನ ಕೇಳ್ತೀಯಾ? ಮರಳನ್ನಾ? ಅವರು ಬಂದು ತಗೊಂಡೇ ಹೋದ್ರೆ? ಏಳು ಮನೆ ಮುಂದಿನ ಚಳಿಗೆ ಏನು ತಿನ್ನಬೇಕು? ನಿನ್ನ ಮಗಳು ಏನು ತಿನ್ನಬೇಕು?"

ತಬಿತಾಳಿಗೆ ಭಯವಿರಲಿಲ್ಲವೇ? ಇತ್ತು. ಆದರೂ ಅಂದಳಂತೆ, "ಮೂರು ದಿನ ಕೊಡಿ ಯಜಮಾನರೇ. ಮೂರು ದಿನದಲ್ಲಿ ಯಾರೂ ಬರದಿದ್ರೆ ನೀವು ಹೇಳಿದ ಹಾಗೆ."

ಜಡೆಯನ್ನು ಮಡಿಲಲ್ಲಿಟ್ಟುಕೊಂಡು, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅಗೆದ ದಿಬ್ಬದ ಪಕ್ಕ ಕೂತಳು. ಮೊದಲ ದಿನ ಕಡಲ ಹಕ್ಕಿಗಳು ಬಂದವು, ಹೋದವು. ಎರಡನೆಯ ದಿನ ಕಾಡಿನಿಂದ ಒಂದು ಬೂದು ನಾಯಿ ಬಂದು ಎದುರು ಕೂತಿತು.

"ನೀನೇನಾ ಅಗೆದವಳು?" ಅಂತ ಕೇಳಿತಂತೆ. ಕಥೆಯೊಳಗಿನ ನಾಯಿ, ಮಾತಾಡದೆ ಇರುತ್ತದೆಯೇ?

"ಅಗೆದವರು ನಮ್ಮವರು. ಮರಳಿ ಕೊಡೋಕೆ ಬಂದವಳು ನಾನು."

ನಾಯಿ ಅವಳ ಬಿರುಕು ಬಿಟ್ಟ ಬೆರಳು ಮೂಸಿತು, ಮರ್ಸಿಯ ಪಾದ ಮೂಸಿತು, ಎದ್ದು ಹೊರಟೇ ಹೋಯಿತು. ಮೂರನೆಯ ದಿನ ಸೂರ್ಯ ಇನ್ನೇನು ಮರದ ಹಿಂದಕ್ಕೆ ಇಳಿಯಬೇಕು, ಅದೇ ನಾಯಿಯ ಹಿಂದೆ ಒಬ್ಬ ಮುದುಕಿ ಬಂದಳು. ಜಿಂಕೆ ಚರ್ಮದ ಹೊದಿಕೆ, ಬೆಳ್ಳಗಾದ ತಲೆ. ಸೊಕೆನ ಅಂತ ಅವಳ ಹೆಸರು. ಬೇಸಿಗೆಗೊಮ್ಮೆ ಮೀನು ಹಿಡಿಯಲು ಬರುವ ಹಡಗಿನವರ ಹತ್ತಿರ ಸೂಜಿ, ಕತ್ತರಿ ಕೊಂಡು ಕೊಂಡು ಇವರ ಮಾತು ಕಲಿತಿದ್ದಳಂತೆ.

ತಬಿತಾ ಜಡೆಯನ್ನು ಅವಳ ಕಾಲ ಬಳಿ ಇಟ್ಟಳು. "ಅಜ್ಜೀ, ಇದು ನಿಮ್ಮದು. ಆರು ಜಡೆ ತಿಂದುಬಿಟ್ವಿ. ಇದೊಂದು ಉಳಿದಿದೆ."

ಸೊಕೆನ ಕೆಳಗೆ ಕೂತು ಜಡೆಯ ತುದಿಯ ಗಂಟನ್ನು ಬೆರಳಲ್ಲಿ ಸವರಿದಳು. ಬಹಳ ಹೊತ್ತು ಸವರಿದಳು. ಆಮೇಲೆ ಹೇಳಿದಳು.

"ಇಲ್ಲಿ ನಮ್ಮದು ಏಳು ಮನೆ ಇತ್ತು, ಮಗಳೇ. ಒಂದೊಂದು ಮನೆಗೆ ಒಂದೊಂದು ಥರದ ಗಂಟು. ಗಂಟು ನೋಡಿದ್ರೆ ಯಾರ ಮನೆ ಬೀಜ ಅಂತ ಗೊತ್ತಾಗೋದು. ಹಡಗಿನವರ ಜೊತೆ ಒಂದು ಬೇನೆ ಬಂತು. ಒಂದು ಬೇಸಿಗೆ ಮುಗಿಯೋದರೊಳಗೆ ಏಳು ಮನೆಯಲ್ಲಿ ಉಳಿದವಳು ನಾನೊಬ್ಬಳೇ. ಬಿತ್ತೋ ಕೈ ಇಲ್ಲ ಅಂತ ಏಳು ಮನೆ ಬೀಜಾನೂ ಇಲ್ಲಿ ಮಲಗಿಸಿ, ಬೆಟ್ಟದಾಚೆ ತಂಗಿ ಮನೆಗೆ ಹೋದೆ. ಈ ಗಂಟು ನನ್ನ ಮಗಳದು."

ತಬಿತಾ ತಲೆ ತಗ್ಗಿಸಿದಳು. ಕಣ್ಣೀರು ಮರಳಿಗೆ ಬಿತ್ತು. ಎಂಥ ಮನೆಯ ಬುತ್ತಿಗೆ ನಾವು ಕೈ ಹಾಕಿದೆವು ಅಂತ ನಾಚಿಕೆಯಾಯಿತು. ಅಷ್ಟರಲ್ಲಿ ಮುದುಕಿಯ ಬೆರಳು ಒಂದು ತೆನೆಯ ಬಳಿ ನಿಂತಿತು.

"ಈ ಗಂಟು ನಮ್ಮದಲ್ಲ. ಇದನ್ನ ಯಾರು ಕಟ್ಟಿದ್ದು?"

"ನಾನು ಅಜ್ಜೀ. ಕಳಚಿ ಬಿತ್ತು. ನಮ್ಮಮ್ಮ ಕಟ್ಟೋ ಥರ ಕಟ್ಟಿಟ್ಟೆ."

ಸೊಕೆನ ಬಡಕಲಾಗಿದ್ದ ಮರ್ಸಿಯನ್ನು ನೋಡಿದಳು, ತಬಿತಾಳ ಬೆರಳು ನೋಡಿದಳು. "ಇಷ್ಟು ಹಸಿದಿರೋ ಮನೆಯಲ್ಲಿ, ಬಿದ್ದ ತೆನೇನ ತಿನ್ನದೆ ಕಟ್ಟಿಟ್ಟೆಯಾ?" ಅಂದು ಜಡೆಯನ್ನು ಸರಿಯಾಗಿ ಎರಡು ಪಾಲು ಮಾಡಿ, ಒಂದನ್ನು ತಬಿತಾಳ ಮಡಿಲಿಗೆ ಹಾಕಿದಳಂತೆ. "ನನ್ನ ಮಗಳು ಇದ್ದಿದ್ರೆ ಅವಳೂ ಇದನ್ನೇ ಮಾಡ್ತಿದ್ಳು. ಏಳು, ಬಿತ್ತೋಣ."

ಆ ಬಿತ್ತನೆಯ ಚಂದ ಕೇಳಿ. ಓಕ್ ಮರದ ಚಿಗುರು ಅಳಿಲಿನ ಕಿವಿಯಷ್ಟಾಗುವವರೆಗೂ ಸೊಕೆನ ಮಣ್ಣು ಮುಟ್ಟಲು ಬಿಡಲಿಲ್ಲ. ಆಮೇಲೆ ಸಾಲು ಹೊಡೆಯಬೇಡಿ, ಗುಡ್ಡೆ ಮಾಡಿ ಅಂದಳು. ಗುಡ್ಡೆಗೆ ಗೊಬ್ಬರವಾಗಿ ಎರಡು ಮೀನು, ಮೀನಿನ ಮೇಲೆ ನಾಲ್ಕು ಕಾಳು.

"ಹಸಿದವರು ನಾವು, ಮೀನು ತಿನ್ನೋದು ಮಣ್ಣಾ?" ಅಂತ ಮೇಷ್ಟ್ರು ಗೊಣಗಿದರು. ತಬಿತಾ ಕಿವಿಗೆ ಹಾಕಿಕೊಳ್ಳದೆ ಹೂಳುತ್ತಾ ಹೋದಳು.

ಮಾರನೆಯ ಬೆಳಗ್ಗೆ ನೋಡಿದರೆ, ಗುಡ್ಡೆಗಳೆಲ್ಲ ಬಗೆದು ಬಿದ್ದಿವೆ! ಊರ ನಾಯಿಗಳಿಗೆ ಹಬ್ಬ. "ನಲವತ್ತು ದಿನ, ಮೀನು ಮಣ್ಣಾಗೋವರೆಗೆ, ನಾಯಿಗಳ ಮುಂಗಾಲು ಒಂದನ್ನ ಮಡಿಸಿ ಕಟ್ಟಿ," ಅಂದಳು ಸೊಕೆನ. ಮೂರು ಕಾಲಲ್ಲಿ ಕುಂಟಬಹುದು, ಬಗೆಯಲಾಗುವುದಿಲ್ಲ. ಗುಡ್ಡೆಗಳನ್ನು ಮತ್ತೆ ಸರಿಮಾಡಿ, ಎಲ್ಲರೂ ನಾಯಿಗಳ ಕಾಲು ಕಟ್ಟಿದರು, ಓಬಡಾಯ ಮಾತ್ರ ಕಟ್ಟಲಿಲ್ಲ. "ನನ್ನ ನಾಯಿ ಮರ್ಯಾದಸ್ಥ ನಾಯಿ," ಅಂದ. ಎರಡು ದಿನದಲ್ಲಿ ಆ ಮರ್ಯಾದಸ್ಥ ನಾಯಿ ಯಜಮಾನನ ಪಾಲಿನ ಗುಡ್ಡೆಗಳನ್ನೇ ಒಂದೂ ಬಿಡದೆ ಬಗೆದು, ಮೀಸೆಗೆ ಮಣ್ಣು ಮೆತ್ತಿಕೊಂಡು ಬಾಗಿಲಲ್ಲಿ ಮಲಗಿತ್ತಂತೆ! ಓಬಡಾಯ ತಾನೇ ಹೋಗಿ ಹಗ್ಗ ತಂದ. ಸೊಕೆನ ತನ್ನ ಪಾಲಿನಿಂದ ಎರಡು ತೆನೆ ಬಿಡಿಸಿ, ಅವನು ಕೇಳದೆಯೇ ಅವನ ಗುಡ್ಡೆಗಳಿಗೆ ಮತ್ತೆ ಕಾಳು ಹಾಕಿದಳು. ಅವನು ಟೋಪಿಯ ಅಂಚನ್ನು ಕಣ್ಣಿನ ಮೇಲಕ್ಕೆ ಎಳೆದುಕೊಂಡು ಅತ್ತ ತಿರುಗಿ ನಿಂತ.

ಜೋಳ ಮೊಣಕಾಲಿಗೆ ಬಂತು, ಬುಡಕ್ಕೆ ಸೊಕೆನ ಕೊಟ್ಟ ಹುರುಳಿಕಾಯಿ ಬೀಜ ಹಾಕಿದರು. ಸೊಂಟಕ್ಕೆ ಬಂತು, ನಡುವೆ ಕುಂಬಳ ಹಬ್ಬಿತು. ತಲೆಯ ಮೇಲೆ ಬಂತು, ತೆನೆ ಕಟ್ಟಿತು. ಹಳದಿ, ಕೆಂಪು, ನೀಲಿ. ಏಳು ಮನೆಯ ಅಟ್ಟ ತುಂಬಿತು. ಮರ್ಸಿಯ ಕೆನ್ನೆ ತುಂಬಿತು. ತಬಿತಾ ಆ ಕೆನ್ನೆ ಮುಟ್ಟಿ ಮುಟ್ಟಿ ನೋಡುತ್ತಿದ್ದಳಂತೆ, ನಿಜವೋ ಸುಳ್ಳೋ ಅಂತ.

ಮೊದಲ ತೆನೆ ಬೇಯಿಸಿದ ದಿನ ಎಲ್ಲರೂ ಬಯಲಲ್ಲಿ ಕೂತರು. ಓಬಡಾಯ ಎದ್ದು ನಿಂತು ದೇವರಿಗೆ ಕೃತಜ್ಞತೆ ಹೇಳಿದ. ಉದ್ದಕ್ಕೆ ಹೇಳಿದ, ಅವನದು ಯಾವಾಗಲೂ ಉದ್ದವೇ. ಮುಗಿಯಿತು ಅಂತ ಎಲ್ಲರೂ ಕೈ ಚಾಚಿದರೆ, ಅವನು ಕೂರಲಿಲ್ಲ. ಸೊಕೆನಳ ಮುಂದೆ ಹೋಗಿ ನಿಂತ. ರಾಜನ ಮುಂದೆ ತೆಗೆಯದ ಟೋಪಿಯನ್ನು ಎರಡೂ ಕೈಯಿಂದ ತೆಗೆದನಂತೆ.

"ಅಜ್ಜೀ, ದೇವರು ಬಚ್ಚಿಟ್ಟಿದ್ದು ಅಂದಿದ್ದೆ. ಅಲ್ಲ, ನೀವು ಬಚ್ಚಿಟ್ಟಿದ್ದು. ಕೇಳದೆ ತಿಂದ್ವಿ. ನಾವು ಕೇಳದೆ ನೀವು ಕೊಟ್ರಿ."

ಸೊಕೆನ ಅವನ ಬೋಳು ತಲೆ ನೋಡಿ ನಕ್ಕಳಂತೆ. ಆ ಊರಿಗೆ ಬಂದಮೇಲೆ ಅವಳು ನಕ್ಕಿದ್ದು ಅದೇ ಮೊದಲು.

"ಹಾಗಾದ್ರೆ ನನ್ನ ದಿಬ್ಬಾನ ಮೊದಲಿನ ಹಾಗೆ ಮಾಡಿಕೊಡಿ," ಅಂದಳು.

ತಬಿತಾ ಅತ್ಯುತ್ತಮ ತೆನೆಗಳನ್ನು ಆರಿಸಿದಳು. ಸೊಕೆನ ಜಡೆ ಹೆಣೆದು, ಒಂದೊಂದಕ್ಕೂ ಆ ಮನೆಯವರ ಹೆಸರು ಹೇಳುತ್ತಾ ಆ ಮನೆಯ ಗಂಟು ಹಾಕಿದಳು. ತಬಿತಾ ಪಕ್ಕದಲ್ಲಿ ಕೂತು ಹೆಸರನ್ನೂ ಕಲಿತಳು, ಗಂಟನ್ನೂ ಕಲಿತಳು. ಏಳನೆಯದು ಮಗಳ ಜಡೆ. ಅದಕ್ಕೆ ಮುದುಕಿ ತನ್ನ ಗಂಟು ಹಾಕಿ, ತಬಿತಾಳ ಕಡೆ ಚಾಚಿದಳು. "ನಿಮ್ಮಮ್ಮನ ಗಂಟೂ ಹಾಕು. ಎರಡು ಗಂಟಿದ್ರೆ ಬಿಗಿಯಾಗಿರುತ್ತೆ."

ಬುಟ್ಟಿಯನ್ನು ಓಬಡಾಯನೇ ಹೊತ್ತ. ತಾನೇ ಅಗೆದ ಗುಂಡಿಗೆ ತಾನೇ ಇಳಿಸಿದ. ಚಾಪೆ ಮುಚ್ಚಿದ. ಆಮೇಲೆ ಆ ಕರಿ ಟೋಪಿಯಲ್ಲೇ ಮರಳು ತುಂಬಿ ತುಂಬಿ ಸುರಿದು, ಅಂಗೈಯಿಂದ ತಟ್ಟಿ ನುಣ್ಣಗೆ ಮಾಡಿದನಂತೆ. ಟೋಪಿ ಹಾಳಾಯಿತು. ಆಗಲಿ ಬಿಡಿ, ಟೋಪಿ ಹೊಲಿಯುವವನಿಗೆ ಟೋಪಿಗೇನು ಬರ?

ಆಮೇಲೆ ಬಂದ ಹಡಗುಗಳೆಲ್ಲ ಇಂಥವರನ್ನೇ ತರಲಿಲ್ಲ. ಕೊಟ್ಟ ಕೈಯನ್ನು ಮರೆತವರು ಬಂದರು, ಕೊಟ್ಟವರ ನೆಲವನ್ನೇ ಕಿತ್ತುಕೊಂಡವರು ಬಂದರು. ಅದನ್ನು ಹೇಳಲು ನನ್ನ ಬಾಯಿ ಕಹಿಯಾಗುತ್ತದೆ, ಹೇಳದಿದ್ದರೆ ಕಥೆ ಸುಳ್ಳಾಗುತ್ತದೆ. ಆದರೆ ತಬಿತಾಳ ಮನೆಯವರು ಮರೆಯಲಿಲ್ಲವಂತೆ. ಮರ್ಸಿಯ ಮೊಮ್ಮಗಳ ಮೊಮ್ಮಗಳು ಎತ್ತಿನ ಗಾಡಿ ಕಟ್ಟಿಕೊಂಡು ಪಡುವಣದ ಬಯಲಿಗೆ ಹೊರಟಾಗಲೂ, ಗಾಡಿಯ ಕಮಾನಿಗೆ ಎರಡು ಗಂಟಿನ ಒಂದು ಜಡೆ ನೇತಾಡುತ್ತಿತ್ತು. ಬಿತ್ತುವ ಮುಂಚೆ ಅವಳು ಏಳು ಮನೆಯವರ ಹೆಸರು ಹೇಳುತ್ತಿದ್ದಳು. ಕೊನೆಯಲ್ಲಿ, "ಸೊಕೆನಜ್ಜಿ, ಬಿತ್ತಲಾ?" ಅಂತ ಕೇಳಿಯೇ ಮೊದಲ ಕಾಳು ಮಣ್ಣಿಗೆ ಹಾಕುತ್ತಿದ್ದಳಂತೆ.

ಆ ಜೋಳವೇ ಊರೂರು ಸುತ್ತಿ, ಕಡಲು ದಾಟಿ, ನಮ್ಮ ಹೊಲಕ್ಕೂ ಬಂತು. ಸಂತೆಯ ಮೂಲೆಯಲ್ಲಿ ಕೆಂಡದ ಮೇಲೆ ತಿರುಗಿಸಿ, ನಿಂಬೆಹಣ್ಣು ಉಪ್ಪು ಖಾರ ಉಜ್ಜಿ ಕೊಡುತ್ತಾರಲ್ಲ, ಮುಸುಕಿನ ಜೋಳ, ಅದೇ. ಕಚ್ಚುವ ಮುಂಚೆ ಒಂದು ಕ್ಷಣ ಆ ಅಜ್ಜಿಯನ್ನು ನೆನೆಯಿರಿ. ಅವರ ಜಡೆ ಅವರ ತೊಲೆಗೆ, ನನ್ನ ಕಥೆ ನಿಮ್ಮ ಮಡಿಲಿಗೆ.